‘ಆಯಿತು’ ಎಂಬ ಪದದ ಮೂಲರೂಪ ಹುಡುಕಿದ ಚಳಿಗಾಲ

ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯವು ಔಗುಸ್ತ ಚಕ್ರವರ್ತಿ ಹೊರಡಿಸಿದ ಗಣತಿಯ ಆಜ್ಞೆಯಿಂದ ಆರಂಭವಾಗುತ್ತದೆ. ಜರ್ಮನಿಯ ವಿಶ್ವವಿದ್ಯಾಲಯವೊಂದರಲ್ಲಿ ಐತಿಹಾಸಿಕ ಭಾಷಾವಿಜ್ಞಾನ ಓದಲು ಹೋದ ಮೊದಲ ವರ್ಷ, ಅಕ್ಟೋಬರ್ ತಿಂಗಳ ಕೊನೆಯ ವಾರದಲ್ಲಿ, ನಮ್ಮ ಅಧ್ಯಾಪಕಿ ಈ ಅಧ್ಯಾಯದ ಮೊದಲ ವಚನವನ್ನು ಮೂರು ಭಾಷೆಗಳಲ್ಲಿ ಒಂದರ ಕೆಳಗೊಂದು ಅಚ್ಚು ಮಾಡಿದ ಹಾಳೆಯನ್ನು ನನ್ನ ಕೈಗೆ ಕೊಟ್ಟರು. ಮೇಲಿನದು ಗಾಥಿಕ್ ಭಾಷೆಯದು, ಎಂದರೆ ಗಾಥ್ ಜನರ ಹಳೆಯ ಜರ್ಮಾನಿಕ್ ಭಾಷೆಯದು. ಬಿಷಪ್ ವುಲ್ಫಿಲನ ಹೆಸರಿನಲ್ಲಿ ಪ್ರಸಿದ್ಧವಾದ, ನಾಲ್ಕನೆಯ ಶತಮಾನದ ಅನುವಾದ. ನಡುವಿನದು ಪ್ರಾಚೀನ ಹೈ ಜರ್ಮನ್. ಸುಮಾರು 830ರ ವೇಳೆಗೆ ಫುಲ್ಡಾ ಮಠದಲ್ಲಿ ಸಿದ್ಧವಾದ ತಾತಿಯಾನನ ಸುವಾರ್ತಾ ಸಂಗ್ರಹದ ಅನುವಾದ. ಕೆಳಗಿನದು ಹತ್ತನೆಯ ಶತಮಾನದ ಕೊನೆಯ ಪ್ರಾಚೀನ ಇಂಗ್ಲಿಷ್. ಗಾಥಿಕ್ ವಚನವು ‘ವರ್ಥ್’ ಎಂಬ ಕ್ರಿಯಾಪದದಿಂದಲೇ ಆರಂಭವಾಗುತ್ತದೆ, ಜರ್ಮನ್ ವಚನವು ‘ವರ್ದ್’ ಎಂಬುದರಿಂದ. ಇಂಗ್ಲಿಷ್ ವಚನದ ನಡುವೆ ‘ಯೆವೊರ್ದೆನ್’ ಎಂಬ ಕೃದಂತ ಬರುತ್ತದೆ. ಮೂರರ ಅರ್ಥವೂ ‘ಆಯಿತು’, ‘ಆದದ್ದು’ ಎಂದೇ. ಈ ಮೂರಕ್ಕೂ ತಾಯಿಯಾದ, ಬರಹದಲ್ಲಿ ಎಲ್ಲಿಯೂ ಉಳಿದಿರದ ಮೂಲ ಜರ್ಮಾನಿಕ್ ಭಾಷೆಯಲ್ಲಿ ಈ ಕ್ರಿಯಾಪದದ ಭೂತಕಾಲದ ರೂಪಗಳೆಲ್ಲ ಹೇಗಿದ್ದವೆಂಬುದನ್ನು ಕಟ್ಟಿ, ಪ್ರತಿಯೊಂದು ಅಕ್ಷರಕ್ಕೂ ಆಧಾರ ಕೊಟ್ಟು, ಫೆಬ್ರುವರಿಯೊಳಗೆ ಒಪ್ಪಿಸಬೇಕೆಂದು ಅವರು ಹೇಳಿದರು. ಜೊತೆಗೆ ‘ಮಾಡು’ ಎಂಬ ಅರ್ಥದ ಇನ್ನೊಂದು ಕ್ರಿಯಾಪದವನ್ನೂ ಕೊಟ್ಟರು. ಅದರ ಮಾತು ಆಮೇಲೆ.

ಈ ಕೆಲಸ ಕಷ್ಟವಾದೀತೆಂದು ನನಗೆ ಆಗ ಅನಿಸಿರಲಿಲ್ಲ. ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಓದಿದ್ದೆ. ಕನ್ನಡ ಎಂ.ಎ.ಯಲ್ಲಿ ಹಳಗನ್ನಡದ ‘ಪಾಲ್’ ‘ಹಾಲು’ ಆದದ್ದನ್ನೂ ‘ಪೂ’ ‘ಹೂ’ ಆದದ್ದನ್ನೂ ಧ್ವನಿ ನಿಯಮವಾಗಿ ಕಲಿತಿದ್ದೆ. ಪದದ ಆದಿಯ ಪಕಾರ ಒಂದೊಂದು ಪದದಲ್ಲಿ ಒಂದೊಂದು ಬಗೆಯಾಗಿ ಬದಲಾಗಲಿಲ್ಲ, ಸಾಲಾಗಿ ಎಲ್ಲೆಡೆಯೂ ಹಕಾರವಾಯಿತು ಎಂಬ ತಿಳಿವಳಿಕೆ ಇದ್ದವನಿಗೆ ಯಾಕೋಬ್ ಗ್ರಿಮ್ 1822ರಲ್ಲಿ ವಿವರಿಸಿದ ನಿಯಮ ಹೊಸದಾಗಿ ಕಾಣುವುದಿಲ್ಲ. ಇಂಡೋ-ಯುರೋಪಿಯನ್ ಮೂಲದ ತಕಾರವು ಜರ್ಮಾನಿಕ್ ಭಾಷೆಗಳಲ್ಲಿ ಇಂಗ್ಲಿಷಿನ ‘ಥಿಂಕ್’ ಪದದ ಮೊದಲ ಧ್ವನಿಯಾಗುತ್ತದೆ. ಸಂಸ್ಕೃತದ ‘ತ್ರಯಃ’ ಇಂಗ್ಲಿಷಿನ ‘ಥ್ರೀ’ ಆಗಿ ನಿಲ್ಲುವುದು ಹೀಗೆ. ಈ ಬರಹದಲ್ಲಿ ಆ ಧ್ವನಿಯನ್ನು ‘ಥ’ ಎಂದೇ ಬರೆಯುತ್ತೇನೆ. ಅದನ್ನು ನಮ್ಮ ಮಹಾಪ್ರಾಣವೆಂದು ಓದಬಾರದು. ಉಳಿದಂತೆ ಈ ಭಾಷೆಗಳ ರೂಪಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು ಬಹಳ ಅನುಕೂಲ. ಹ್ರಸ್ವ ಎಕಾರ ಒಕಾರಗಳಿಗೆ ನಮ್ಮಲ್ಲಿ ಬೇರೆ ಅಕ್ಷರಗಳೇ ಇವೆ. ಈ ಕಥೆಯಲ್ಲಿ ಆ ಎರಡು ಸ್ವರಗಳ ಪಾತ್ರ ದೊಡ್ಡದು.

ನಾನು ಮೊದಲು ಹಿಡಿದ ದಾರಿ ಸರಳವಾಗಿತ್ತು. ಸಾಕ್ಷಿಗಳಲ್ಲಿ ಅತ್ಯಂತ ಹಳೆಯದು ಗಾಥಿಕ್, ಆದ್ದರಿಂದ ತಾಯಿಗೆ ಅತ್ಯಂತ ಹತ್ತಿರದ್ದೂ ಅದೇ ಇರಬೇಕು ಎಂದು ಎಣಿಸಿದೆ. ಆ ಭಾಷೆಯ ಮುಖ್ಯ ಹಸ್ತಪ್ರತಿಯಾದ ‘ಬೆಳ್ಳಿ ಗ್ರಂಥ’ ಆರನೆಯ ಶತಮಾನದ್ದು. ಅದನ್ನು ನೇರಳೆ ಬಣ್ಣ ಹಾಕಿದ ಚರ್ಮದ ಹಾಳೆಗಳ ಮೇಲೆ ಬೆಳ್ಳಿಯ ಮತ್ತು ಚಿನ್ನದ ಮಸಿಯಿಂದ ಬರೆದಿದ್ದಾರೆ. ಮೂಲದ 336 ಹಾಳೆಗಳಲ್ಲಿ ಇಂದು ಉಳಿದಿರುವುದು 188. ಅವುಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಆ ಹಾಳೆಗಳ ಚಿತ್ರಗಳಲ್ಲಿ ‘ವರ್ಥ್’ ಎಂಬ ನಾಲ್ಕು ಅಕ್ಷರಗಳನ್ನು ಹುಡುಕಿ ಗುರುತಿಸಿದ ಸಂಜೆ ನನಗೆ ಆದ ಸಂತೋಷ ಇವತ್ತಿಗೂ ಹಾಗೆಯೇ ನೆನಪಿದೆ. ಅಂಥ ಗ್ರಂಥದ ಮಾತನ್ನು ಅನುಮಾನಿಸಲು ಮನಸ್ಸು ಬರುವುದಿಲ್ಲ.

ಗಾಥಿಕ್‌ನಲ್ಲಿ ಈ ಧಾತುವಿನ ನಾಲ್ಕು ಮುಖ್ಯ ರೂಪಗಳನ್ನು ಬರೆದುಕೊಂಡೆ. ‘ಆಗುವುದು’ ಎಂಬುದಕ್ಕೆ ವೆರ್ಥನ್, ‘ಆದನು’ ಎಂಬುದಕ್ಕೆ ವರ್ಥ್, ‘ಆದರು’ ಎಂಬುದಕ್ಕೆ ವೊರ್ಥುನ್, ‘ಆದ’ ಎಂಬ ಕೃದಂತಕ್ಕೆ ವೊರ್ಥನ್ಸ್. ಮೊದಲ ವಾರ ಇವುಗಳನ್ನು ನಾನು ಸರಿಯಾಗಿ ಓದಿರಲೂ ಇಲ್ಲ. ಗಾಥಿಕ್ ಬರಹದಲ್ಲಿ ಮೊದಲನೆಯ ಪದದ ಸ್ವರವನ್ನು ‘ಅ’ ಮತ್ತು ‘ಇ’ ಎಂಬ ಎರಡು ಅಕ್ಷರ ಕೂಡಿಸಿ ಬರೆಯುತ್ತಾರಾದ್ದರಿಂದ ನಾನು ಅದನ್ನು ‘ವೈರ್ಥನ್’ ಎಂದು ಓದಿ, ಮೂಲದಲ್ಲಿಯೂ ಐಕಾರವಿತ್ತೆಂದು ಟಿಪ್ಪಣಿ ಮಾಡಿದ್ದೆ. ರೇಫ (ರಕಾರ) ಮತ್ತು ಹಕಾರಗಳ ಮುಂಚೆ ಗಾಥಿಕ್‌ನ ಹ್ರಸ್ವ ಇಕಾರವು ಎಕಾರದ ಕಡೆಗೆ, ಉಕಾರವು ಒಕಾರದ ಕಡೆಗೆ ಇಳಿಯುತ್ತದೆಂದೂ, ಆ ಇಳಿದ ಸ್ವರಗಳಿಗೂ ಐ, ಔ ಎಂಬ ನಿಜವಾದ ಸಂಧ್ಯಕ್ಷರಗಳಿಗೂ ಬರಹ ಒಂದೇ ಎಂದೂ ಆಮೇಲೆ ತಿಳಿಯಿತು. ಹಳೆಯ ಬರಹವೊಂದನ್ನು ಓದುವವನು ಅಕ್ಷರ ಯಾವುದು, ಧ್ವನಿ ಯಾವುದು ಎಂದು ಪ್ರತಿ ಹೆಜ್ಜೆಗೂ ಕೇಳಿಕೊಳ್ಳಬೇಕಾಗುತ್ತದೆ. ಅದನ್ನು ತಿದ್ದಿಕೊಂಡು, ಉಳಿದ ಭಾಷೆಗಳ ರೂಪಗಳನ್ನು ಗಾಥಿಕ್‌ನಿಂದಲೇ ಹೊರಡಿಸಿ ವಿವರಿಸುವ ಒಂಬತ್ತು ಪುಟಗಳ ಕರಡನ್ನು ನವೆಂಬರ್ ಕೊನೆಯಲ್ಲಿ ಒಪ್ಪಿಸಿದೆ.

ಅಧ್ಯಾಪಕಿ ಅದನ್ನು ಪೂರ್ತಿ ಓದಿ, ಮೊದಲ ದಿನ ಕೊಟ್ಟ ಹಾಳೆಯನ್ನೇ ಮತ್ತೆ ಮೇಜಿನ ಮೇಲೆ ಇಟ್ಟರು. ಇಂಗ್ಲಿಷ್ ಸಾಲಿನ ‘ಯೆವೊರ್ದೆನ್’ ಎಂಬುದರ ದಕಾರದ ಕೆಳಗೆ ಗೆರೆ ಎಳೆದು, “ಇದು ಎಲ್ಲಿಂದ ಬಂತು ಹೇಳಿ” ಎಂದರು. ಗಾಥಿಕ್‌ನ ಥಕಾರವೇ ಇಂಗ್ಲಿಷಿನಲ್ಲಿ ಮೆತ್ತಗಾಗಿ ದಕಾರವಾಗಿರಬೇಕೆಂದೆ. “ಹಾಗಾದರೆ ಅದೇ ಇಂಗ್ಲಿಷಿನಲ್ಲಿ ‘ಆಗುವುದು’ ಎಂಬ ರೂಪ ಏನು?” ಎಂದು ಕೇಳಿದರು. ಅದು ವೆಒರ್ಥನ್. ಅಲ್ಲಿ ಎರಡು ಸ್ವರಯುಕ್ತ ಅಕ್ಷರಗಳ ನಡುವೆಯೇ ಥಕಾರ ಗಟ್ಟಿಯಾಗಿ ನಿಂತಿದೆ. ಒಂದೇ ಧಾತು, ಒಂದೇ ಭಾಷೆ. ಒಂದು ರೂಪದಲ್ಲಿ ಥಕಾರ, ಇನ್ನೊಂದರಲ್ಲಿ ದಕಾರ. ನನ್ನ ವಿವರಣೆ ಅಲ್ಲಿಗೆ ಮುಗಿಯಿತು. “ನೀವು ಕಟ್ಟಿರುವುದು ಮೂಲ ಜರ್ಮಾನಿಕ್ ಅಲ್ಲ, ನಕ್ಷತ್ರ ಹಚ್ಚಿದ ಗಾಥಿಕ್” ಎಂದು ಅವರು ಕರಡನ್ನು ಹಿಂದಿರುಗಿಸಿದರು. ಎಲ್ಲಿಯೂ ಬರಹದಲ್ಲಿ ಸಿಗದ, ತರ್ಕದಿಂದ ಕಟ್ಟಿದ ರೂಪದ ಮುಂದೆ ಒಂದು ನಕ್ಷತ್ರ ಚಿಹ್ನೆ ಹಾಕುವುದು ಈ ವಿದ್ಯೆಯ ರೂಢಿ.

ಡಿಸೆಂಬರ್‌ನಲ್ಲಿ ಹೊಸದಾಗಿ ಆರಂಭಿಸಿದೆ. ಈ ಸಲ ಒಂದೊಂದು ರೂಪವನ್ನೂ ಒಂದೊಂದು ರಟ್ಟಿನ ಚೀಟಿಯ ಮೇಲೆ ಬರೆದು, ಭಾಷೆಗೊಂದು ಸಾಲಿನಂತೆ ಕೋಣೆಯ ನೆಲದ ಮೇಲೆ ಹರಡಿದೆ. ಪ್ರಾಚೀನ ಇಂಗ್ಲಿಷಿನ ಸಾಲು ಹೀಗಿತ್ತು: ವೆಒರ್ಥನ್, ವೆಅರ್ಥ್, ವುರ್ದೊನ್, ವೊರ್ದೆನ್. ಮೊದಲ ಎರಡರಲ್ಲಿ ಥ, ಕೊನೆಯ ಎರಡರಲ್ಲಿ ದ. ಪ್ರಾಚೀನ ಹೈ ಜರ್ಮನ್ ಸಾಲು: ವೆರ್ದನ್, ವರ್ದ್, ವುರ್ತುನ್, ವೊರ್ತನ್. ಇಲ್ಲಿ ಮೊದಲ ಎರಡರಲ್ಲಿ ದ, ಕೊನೆಯ ಎರಡರಲ್ಲಿ ತ. ಆ ಭಾಷೆಯಲ್ಲಿ ಹಳೆಯ ಥಕಾರ ದಕಾರವಾಗಿಯೂ ಹಳೆಯ ದಕಾರ ತಕಾರವಾಗಿಯೂ ಬದಲಾಗಿರುವುದು ಬೇರೆ ನೂರಾರು ಪದಗಳಿಂದ ಗೊತ್ತಿರುವ ವಿಷಯ. ಒಂದು ಮೆಟ್ಟಿಲು ಹಿಂದಕ್ಕೆ ಇಟ್ಟರೆ ಜರ್ಮನ್ ಸಾಲು ಇಂಗ್ಲಿಷ್ ಸಾಲಿನ ಮೇಲೆ ಸರಿಯಾಗಿ ಕೂರುತ್ತದೆ: ಥ, ಥ, ದ, ದ. ಸ್ಕ್ಯಾಂಡಿನೇವಿಯದ ಹಳೆಯ ಭಾಷೆಯಾದ ಪ್ರಾಚೀನ ನಾರ್ಸ್‌ನ ಸಾಲಿನಲ್ಲಿ ಮಾತ್ರ ನಾಲ್ಕು ರೂಪಗಳಲ್ಲಿಯೂ ಇಂಗ್ಲಿಷಿನ ‘ದಿಸ್’ ಪದದ ಮೊದಲ ಧ್ವನಿ ಒಂದೇ ಇದೆ. ಅಲ್ಲಿ ಪದದ ನಡುವಿನ ಥಕಾರ ದಕಾರಗಳೆರಡೂ ಕೂಡಿಕೊಂಡು ಆ ಒಂದೇ ಧ್ವನಿಯಾಗಿಬಿಟ್ಟಿರುವುದರಿಂದ ಈ ಪ್ರಶ್ನೆಗೆ ಅದು ಪರವಾಗಿಯೂ ವಿರುದ್ಧವಾಗಿಯೂ ಏನನ್ನೂ ಹೇಳಲಾರದು. ಅದರ ಚೀಟಿಗಳನ್ನು ಗೋಡೆಯ ಬದಿಗೆ ಸರಿಸಿದೆ. ಉಳಿದದ್ದು ಒಂದು ಕಡೆ ಗಾಥಿಕ್, ಇನ್ನೊಂದು ಕಡೆ ಅದಕ್ಕಿಂತ ನಾಲ್ಕೈದು ಶತಮಾನ ಈಚಿನ ಎರಡು ಭಾಷೆಗಳು.

ಈ ಥಕಾರ ದಕಾರಗಳ ಪಲ್ಲಟ ಗ್ರಿಮ್‌ನ ನಿಯಮಕ್ಕೆ ಬಹುಕಾಲ ಅಪವಾದವಾಗಿ ಉಳಿದಿತ್ತು. ಅದನ್ನು ಬಿಡಿಸಿದವನು ಡೆನ್ಮಾರ್ಕಿನ ಕಾರ್ಲ್ ವರ್ನರ್. ಅವನ ಲೇಖನ ಪ್ರಕಟವಾದದ್ದು 1877ರಲ್ಲಿ. ಅವನು ಕೈಚಾಚಿದ್ದು ಸಂಸ್ಕೃತಕ್ಕೆ, ಅದರಲ್ಲಿಯೂ ವೇದದ ಸ್ವರಕ್ಕೆ, ಎಂದರೆ ದನಿಯ ಏರಿಳಿತಕ್ಕೆ. ‘ಭ್ರಾತಾ’ ಎಂಬಲ್ಲಿ ಉದಾತ್ತ, ಎಂದರೆ ಏರಿದ ದನಿ, ಮೊದಲ ಅಕ್ಷರದ ಮೇಲಿದೆ. ಗಾಥಿಕ್‌ನಲ್ಲಿ ಅದು ಬ್ರೋಥರ್, ಥಕಾರ ಉಳಿದಿದೆ. ‘ಪಿತಾ’ ಎಂಬಲ್ಲಿ ಉದಾತ್ತ ಕೊನೆಯ ಅಕ್ಷರದ ಮೇಲಿದೆ. ಗಾಥಿಕ್‌ನಲ್ಲಿ ಅದು ಫದರ್, ಥಕಾರ ದಕಾರವಾಗಿದೆ. ಪದದ ಒಳಗಿನ ಥಕಾರಾದಿ ಅಘೋಷ ಧ್ವನಿಗಳು, ತಮ್ಮ ಹಿಂದಿನ ಅಕ್ಷರದ ಮೇಲೆ ಸ್ವರದ ಒತ್ತು ಇಲ್ಲದಿದ್ದಾಗ ಘೋಷಗಳಾದವು. ಆಮೇಲೆ ಜರ್ಮಾನಿಕ್‌ನಲ್ಲಿ ಒತ್ತು ಎಲ್ಲ ಪದಗಳಲ್ಲಿಯೂ ಮೊದಲ ಅಕ್ಷರಕ್ಕೆ ಬಂದು ನಿಂತು, ಕಾರಣವೇ ಅಳಿಸಿಹೋಯಿತು. ಒತ್ತು ಹೋದರೂ ಅದು ಮಾಡಿದ ಕೆಲಸ ವ್ಯಂಜನದಲ್ಲಿ ಉಳಿಯಿತು.

ಕ್ರಿಯಾಪದಕ್ಕೆ ಇದನ್ನು ಹೊಂದಿಸುವಾಗ ನನ್ನ ಶಾಲೆಯ ಸಂಸ್ಕೃತ ನಿಜವಾಗಿ ಉಪಯೋಗಕ್ಕೆ ಬಂತು. ಜರ್ಮಾನಿಕ್‌ನ ಇಂಥ ಕ್ರಿಯಾಪದಗಳ ಭೂತಕಾಲವು ನಾವು ‘ಲಿಟ್’ ಎಂದು ಕಲಿತ ಲಕಾರದ ಸೋದರ. ‘ಸಂಜಯ ಉವಾಚ’ ಎಂದು ಗೀತೆಯಲ್ಲಿ ಓದುವ ‘ಉವಾಚ’ ಆ ಲಕಾರದ್ದು. ‘ಆಗು’ ಎಂಬ ನಮ್ಮ ಜರ್ಮಾನಿಕ್ ಧಾತುವಿಗೆ ಸಂಸ್ಕೃತದ ಜ್ಞಾತಿ ‘ವೃತ್’, ಎಂದರೆ ತಿರುಗು, ಇರು, ನಡೆ. ಕನ್ನಡಕ್ಕೆ ‘ವರ್ತಿಸು’, ‘ವರ್ತನೆ’, ‘ವರ್ತಮಾನ’ ಎಂಬ ಪದಗಳಾಗಿ ಬಂದಿರುವುದು ಇದೇ ಧಾತು. ಅದರ ಲಿಟ್ ರೂಪ ಏಕವಚನದಲ್ಲಿ ‘ವವರ್ತ’, ಬಹುವಚನದಲ್ಲಿ ‘ವವೃತುಃ’. ಏಕವಚನದಲ್ಲಿ ಗುಣ, ಎಂದರೆ ಋಕಾರ ‘ಅರ್’ ಆಗುವುದು; ಬಹುವಚನದಲ್ಲಿ ಗುಣವಿಲ್ಲ. ಗುಣ ಬಂದಲ್ಲಿ ಉದಾತ್ತ ಧಾತುವಿನ ಮೇಲೆ; ಬರದಲ್ಲಿ ಅದು ಪ್ರತ್ಯಯದ ಮೇಲೆ. ಇದನ್ನು ವ್ಯಾಕರಣ ಪುಸ್ತಕದಿಂದ ಎತ್ತಿ ಬರೆಯುವುದರ ಬದಲು ಋಗ್ವೇದದ ಪಾಠದಲ್ಲಿಯೇ ಕಣ್ಣಾರೆ ನೋಡಬೇಕೆಂದು ಹೊರಟೆ. ಅಲ್ಲಿ ಒಂದು ತೊಡಕು ಎದುರಾಯಿತು. ವೇದದಲ್ಲಿ ಮುಖ್ಯ ವಾಕ್ಯದ ಕ್ರಿಯಾಪದಕ್ಕೆ ಸಾಮಾನ್ಯವಾಗಿ ಉದಾತ್ತವೇ ಇರುವುದಿಲ್ಲ. ಪಾದದ ಆದಿಯಲ್ಲಿಯೋ, ‘ಯತ್’ ಶಬ್ದ ಬರುವ ಉಪವಾಕ್ಯದಲ್ಲಿಯೋ ಇರುವ ಕ್ರಿಯಾಪದವನ್ನು ಹುಡುಕಬೇಕು.

‘ವಿದ್’ ಧಾತುವಿನಲ್ಲಿ ನನಗೆ ಬೇಕಾದ ಜೋಡಿ ಸಿಕ್ಕಿತು. ಮೊದಲ ಮಂಡಲದ ವರುಣಸೂಕ್ತದಲ್ಲಿ ‘ವೇದಾ ಯೋ ವೀನಾಂ ಪದಮ್’ ಎಂದು ಒಂದು ಋಕ್ಕು ಆರಂಭವಾಗುತ್ತದೆ; ಆಕಾಶದಲ್ಲಿ ಹಾರುವ ಹಕ್ಕಿಗಳ ದಾರಿಯನ್ನು ಬಲ್ಲವನು ಎಂದು ಅರ್ಥ. ಕ್ರಿಯಾಪದ ಪಾದದ ಆದಿಯಲ್ಲಿದೆ, ಉದಾತ್ತ ‘ವೇ’ ಎಂಬುದರ ಮೇಲಿದೆ. ಹತ್ತನೆಯ ಮಂಡಲದ ಅಗ್ನಿಸೂಕ್ತವೊಂದರಲ್ಲಿ ‘ವಿದ್ಮಾ ತೇ ಅಗ್ನೇ’ ಎಂದು ಬರುತ್ತದೆ, ‘ಅಗ್ನಿಯೇ, ನಿನ್ನ ರೂಪಗಳನ್ನು ಬಲ್ಲೆವು’ ಎಂಬ ಭಾವ. ಅಲ್ಲಿ ಉದಾತ್ತ ಕೊನೆಯ ‘ದ್ಮಾ’ ಎಂಬುದರ ಮೇಲೆ. ಗಾಥಿಕ್‌ನಲ್ಲಿ ‘ಬಲ್ಲೆ’ ಎಂಬುದು ವೈತ್, ‘ಬಲ್ಲೆವು’ ಎಂಬುದು ವಿತುಮ್. ವೇದ, ವಿದ್ಮ, ವೈತ್, ವಿತುಮ್. ಎರಡು ಪುಸ್ತಕಗಳನ್ನೂ ಪಕ್ಕಪಕ್ಕ ತೆರೆದಿಟ್ಟು ಈ ನಾಲ್ಕು ಪದಗಳನ್ನು ಗಟ್ಟಿಯಾಗಿ ಹೇಳಿಕೊಂಡೆ. ಚಿಕ್ಕಂದಿನಲ್ಲಿ ಕಂಠಪಾಠ ಮಾಡುವಾಗ ಏಕೆ ಎಂದು ಕೇಳದೆ ಒಪ್ಪಿಕೊಂಡಿದ್ದ ಸ್ವರದ ಏರಿಳಿತವು ಸಾವಿರಾರು ಮೈಲಿ ಆಚೆಯ ಭಾಷೆಯೊಂದರ ವ್ಯಂಜನವನ್ನು ವಿವರಿಸುತ್ತದೆ ಎಂಬುದು ಆ ರಾತ್ರಿ ನನಗೆ ಓದಿದ ವಿಷಯವಾಗಿ ಉಳಿಯದೆ ಕಂಡ ವಿಷಯವಾಯಿತು.

ಹಾಗಾದರೆ ಉತ್ತರ ಸ್ಪಷ್ಟ. ಮೂಲದಲ್ಲಿ ಏಕವಚನ *ವರ್ಥ್, ಬಹುವಚನ *ವುರ್ದುನ್; ಥಕಾರ ದಕಾರಗಳ ಪಲ್ಲಟ ತಾಯಿಯದೇ. ಗಾಥಿಕ್ ಅದನ್ನು ಅಳಿಸಿ, ಏಕವಚನದ ಥಕಾರವನ್ನೇ ಎಲ್ಲ ರೂಪಗಳಿಗೂ ಹಚ್ಚಿಕೊಂಡಿದೆ. ಗಾಥಿಕ್‌ಗೆ ಈ ನಿಯಮವೇ ತಟ್ಟಿರಲಿಲ್ಲ ಎನ್ನುವಂತಿಲ್ಲ. ‘ಫದರ್’ ಎಂಬಲ್ಲಿ ಅದರದೇ ದಕಾರ ಸಾಕ್ಷಿ ಹೇಳುತ್ತದೆ. ಅತ್ಯಂತ ಹಳೆಯ ಸಾಕ್ಷಿಯೇ ಈ ಒಂದು ವಿಷಯದಲ್ಲಿ ಅತ್ಯಂತ ಹೊಸದಾಗಿ ನಡೆದುಕೊಂಡಿತ್ತು. ‘ಇದ್ದನು, ಇದ್ದರು’ ಎಂಬ ಜೋಡಿಯನ್ನು ನೋಡಿದರೆ ಇದು ಇನ್ನೂ ಎದ್ದು ಕಾಣುತ್ತದೆ. ಗಾಥಿಕ್‌ನಲ್ಲಿ ಅದು ವಸ್, ವೇಸುನ್; ಎರಡರಲ್ಲಿಯೂ ಸಕಾರ. ಇಂಗ್ಲಿಷಿನಲ್ಲಿ ಇವತ್ತಿಗೂ ‘ವಾಸ್’, ‘ವರ್’. ಸಕಾರ ಮೊದಲು ‘ಜ಼’ ಆಗಿ, ಆಮೇಲೆ ರಕಾರವಾಯಿತು. ನಾಲ್ಕನೆಯ ಶತಮಾನದ ಬಿಷಪ್ಪನ ಭಾಷೆ ಕಳೆದುಕೊಂಡದ್ದನ್ನು ಬೆಂಗಳೂರಿನ ಶಾಲೆಯ ಮಗು ಇಂಗ್ಲಿಷ್ ಪಾಠದಲ್ಲಿ ದಿನವೂ ಹೇಳುತ್ತದೆ. ಇಂಗ್ಲಿಷ್ ನಮ್ಮ ಧಾತುವನ್ನು ಕ್ರಿಯಾಪದವಾಗಿ ಕೈಬಿಟ್ಟಿದೆ. ಆದರೆ ‘ವಿಚಿತ್ರ’ ಎಂಬ ಅರ್ಥದ ‘ವಿಯರ್ಡ್’ ಎಂಬ ಪದ, ‘ಆಗಬೇಕಾದದ್ದು, ವಿಧಿ’ ಎಂಬ ಹಳೆಯ ಅರ್ಥದಿಂದ ಹೊರಟು, ಅದೇ ದಕಾರವನ್ನು ಹೊತ್ತುಕೊಂಡು ಉಳಿದಿದೆ.

ವ್ಯಂಜನ ಕೈಗೆ ಸಿಕ್ಕ ಮೇಲೆ ಸ್ವರಗಳು. ಎ, ಅ, ಉ ಎಂಬ ಮೂರು ಹಂತಗಳು: *ವೆರ್ಥ್, *ವರ್ಥ್, *ವುರ್ದ್. ಸಂಸ್ಕೃತದ ಋಕಾರಕ್ಕೆ ಎದುರಾಗಿ ಜರ್ಮಾನಿಕ್‌ನಲ್ಲಿ ‘ಉರ್’ ಬರುತ್ತದೆ. ‘ವೃತ್ತ’ ಎಂಬುದರ ಋಕಾರವೂ *ವುರ್ದ್ ಎಂಬುದರ ‘ಉರ್’ ಕೂಡ ಒಂದೇ ಮೂಲದವು. ಆದರೆ ಕೃದಂತದ ಸ್ವರದಲ್ಲಿ ನಾನು ಮತ್ತೆ ಎಡವಿದೆ. ಇಂಗ್ಲಿಷ್ ವೊರ್ದೆನ್, ಜರ್ಮನ್ ವೊರ್ತನ್, ನಾರ್ಸ್ ಒರ್ದಿನ್, ಗಾಥಿಕ್ ವೊರ್ಥನ್ಸ್. ನಾಲ್ಕೂ ಸಾಕ್ಷಿಗಳಲ್ಲಿ ಒಕಾರ. ಗಾಥಿಕ್ ಮೋಸ ಮಾಡೀತೆಂದು ಈಗ ಎಚ್ಚರವಾಗಿದ್ದವನು, ನಾಲ್ವರೂ ಒಂದೇ ಮಾತು ಹೇಳುವಾಗ ಅನುಮಾನವೇಕೆ ಎಂದು *ವೊರ್ದನಜ಼್ ಎಂದು ಬರೆದುಬಿಟ್ಟೆ. ಅದೂ ತಪ್ಪು. ಗಾಥಿಕ್‌ನ ಒಕಾರ ರೇಫದ ಮುಂಚೆ ಬಂದದ್ದು; ಉಕಾರ ಅಲ್ಲಿ ಹೇಗೂ ಒಕಾರವಾಗುತ್ತದೆ. ಉಳಿದ ಮೂರರ ಒಕಾರ ಮುಂದಿನ ಅಕ್ಷರದ ಅಕಾರದ ಸೆಳೆತಕ್ಕೆ ಬಂದದ್ದು. ಮುಂದೆ ಉಕಾರವಿರುವ ವುರ್ದೊನ್, ವುರ್ತುನ್ ಎಂಬಲ್ಲಿ ಆ ಸೆಳೆತವಿಲ್ಲದೆ ಉಕಾರ ಹಾಗೆಯೇ ಉಳಿದಿದೆ. ಈ ಎರಡೂ ಪ್ರಭಾವಗಳು ತಟ್ಟದ ಸೋದರ ಧಾತುವನ್ನು ನೋಡಿದರೆ ನಿಜ ಹೊರಬೀಳುತ್ತದೆ. ‘ಕಟ್ಟು’ ಎಂಬ ಅರ್ಥದ, ನಮ್ಮ ‘ಬಂಧನ’ದ ಜ್ಞಾತಿಯಾದ ಧಾತುವಿನಲ್ಲಿ ಅನುನಾಸಿಕದ ಜೊತೆಗೆ ವ್ಯಂಜನ ಕೂಡಿರುವುದರಿಂದ ಸ್ವರ ಇಳಿಯುವುದಿಲ್ಲ: ಗಾಥಿಕ್ ಬುಂದನ್ಸ್, ಇಂಗ್ಲಿಷ್ ಬುಂದೆನ್. ಆದ್ದರಿಂದ *ವುರ್ದನಜ಼್. ನಾಲ್ವರು ಸಾಕ್ಷಿಗಳು ಒಕ್ಕೊರಲಿನಿಂದ ಹೇಳಿದರೂ, ಪ್ರತಿಯೊಬ್ಬರಿಗೂ ಹಾಗೆ ಹೇಳಲು ಸ್ವಂತ ಕಾರಣವಿದ್ದರೆ ಆ ಒಮ್ಮತಕ್ಕೆ ಬೆಲೆಯಿಲ್ಲ.

‘ಆಗುವುದು’ ಎಂಬ ಭಾವರೂಪದ ಕೊನೆಯನ್ನು *-ಅನಂ ಎಂದು ಅನುನಾಸಿಕ ಸ್ವರ ಹಚ್ಚಿ ಬರೆಯುತ್ತಾರೆ. ಆದರೆ ಗಾಥಿಕ್‌ನಲ್ಲಿಯೂ ಇಂಗ್ಲಿಷಿನಲ್ಲಿಯೂ ಜರ್ಮನ್‌ನಲ್ಲಿಯೂ ಸಿಗುವುದು ಬರಿಯ ‘-ಅನ್’, ನಾರ್ಸ್‌ನಲ್ಲಿ ಬರಿಯ ‘-ಅ’. ಯಾವ ಭಾಷೆಯಲ್ಲಿಯೂ ಕಾಣದ ಈ ಬಾಲವನ್ನು ಬರೆಯಲು ನನ್ನ ಕೈ ಹಿಂಜರಿಯಿತು. ಆಧಾರ ಸಿಕ್ಕಿದ್ದು ಕರಗಿಹೋದ ಒಂದು ಕೊಂಬಿನಲ್ಲಿ. ದಕ್ಷಿಣ ಯುಟ್ಲೆಂಡಿನ ಗಾಲೆಹುಸ್ ಎಂಬ ಹಳ್ಳಿಯ ಬಳಿ 1734ರಲ್ಲಿ ಸಿಕ್ಕಿದ, ಸುಮಾರು 400ರ ಕಾಲದ ಚಿನ್ನದ ಕೊಂಬಿನ ಮೇಲೆ, ಜರ್ಮಾನಿಕ್ ಜನರ ಹಳೆಯ ಲಿಪಿಯಾದ ರೂನ್ ಲಿಪಿಯಲ್ಲಿ ಒಂದು ಸಾಲು ಇತ್ತು: ‘ಎಕ್ ಹ್ಲೆವಗಸ್ತಿಜ಼್ ಹೊಲ್ತಿಯಜ಼್ ಹೊರ್ನ ತವಿದೊ’ ಎಂದು. ‘ಹೊಲ್ತಿಯಜ಼್ ಎನಿಸಿದ ಹ್ಲೆವಗಸ್ತಿಜ಼್ ಎಂಬ ನಾನು ಈ ಕೊಂಬನ್ನು ಮಾಡಿದೆ’ ಎಂದು ಅರ್ಥ. 1802ರಲ್ಲಿ ಕಳ್ಳನೊಬ್ಬ ಅದನ್ನು ಕದ್ದು ಕರಗಿಸಿದ. ಈಗ ಉಳಿದಿರುವುದು ಮೊದಲೇ ತೆಗೆದಿದ್ದ ಚಿತ್ರಗಳು. ಅಷ್ಟು ಚಿನ್ನ ಹೋದದ್ದಕ್ಕಿಂತ ಆ ಅಕ್ಷರಗಳನ್ನು ಕೊರೆದ ಕೈಯ ಗುರುತು ಹೋದದ್ದು ನನಗೆ ದೊಡ್ಡ ನಷ್ಟವೆನಿಸುತ್ತದೆ. ಆ ಸಾಲಿನಲ್ಲಿ ‘ಕೊಂಬನ್ನು’ ಎಂಬುದು ‘ಹೊರ್ನ’. ಇದೇ ಪದ ಗಾಥಿಕ್‌ನಲ್ಲಿ ‘ಹೊರ್ನ್’, ಕೊನೆಯ ಸ್ವರ ಬಿದ್ದುಹೋಗಿದೆ. ನಪುಂಸಕ ಲಿಂಗದ ಈ ಪ್ರತ್ಯಯಕ್ಕೆ ಸಂಸ್ಕೃತದಲ್ಲಿ ‘-ಅಮ್’, ಲ್ಯಾಟಿನ್‌ನಲ್ಲಿ ‘-ಉಮ್’ ಎದುರಾಗುವುದರಿಂದ ಮೂಲದಲ್ಲಿ ಅನುನಾಸಿಕ ಇತ್ತು. ಭಾವರೂಪವೂ ಮೂಲದಲ್ಲಿ ನಪುಂಸಕ ನಾಮಪದವೇ. ವಿದ್ವಾಂಸರು ಅದನ್ನು ಸಂಸ್ಕೃತದ ‘ಭರಣಮ್’ ಮಾದರಿಯ ಪದಗಳೊಂದಿಗೆ ಹೋಲಿಸುತ್ತಾರೆ. ಹಾಗಾಗಿ *ವೆರ್ಥನಂ ಎಂಬುದನ್ನು ‘ವರ್ತನಮ್’ ಎಂಬುದರ ಪಕ್ಕದಲ್ಲಿ ಇಟ್ಟು ನೋಡಬಹುದು. ಬಾಲವನ್ನು ಬರೆದೆ.

ಜನವರಿಯಲ್ಲಿ ಮಧ್ಯಮ ಪುರುಷದ ಏಕವಚನ, ಎಂದರೆ ‘ಆದೆ, ಆಗಿದ್ದೀಯೆ’ ಎಂಬ ಅಂಕಣ, ಎಲ್ಲಕ್ಕಿಂತ ಹೆಚ್ಚು ದಿನ ತಿಂದಿತು. ಇಲ್ಲಿ ಪಶ್ಚಿಮದ ಭಾಷೆಗಳು ಒಂದು ಮಾತು ಹೇಳುತ್ತವೆ: ಜರ್ಮನ್ ವುರ್ತಿ, ಇಂಗ್ಲಿಷ್ ವುರ್ದೆ. ಧಾತುವಿನ ಸ್ವರ ಬಹುವಚನದ್ದು, ಕೊನೆಗೆ ಇಕಾರದಿಂದ ಬಂದ ಪ್ರತ್ಯಯ. ಗಾಥಿಕ್ ಬೇರೆಯದನ್ನು ಹೇಳುತ್ತದೆ: ಅಲ್ಲಿ ಏಕವಚನದ ಸ್ವರಕ್ಕೆ ‘-ತ್’ ಹತ್ತುತ್ತದೆ, ‘ನೀನು ಹೇಳಿದೆ’ ಎಂಬುದಕ್ಕೆ ‘ಕ್ವಸ್ತ್’ ಎಂಬಂತೆ. ನಾರ್ಸ್ ಕೂಡ ಗಾಥಿಕ್‌ನ ಜೊತೆಗಿದೆ. ವ್ಯಂಜನದ ವಿಷಯದಲ್ಲಿ ಗಾಥಿಕ್ ದಾರಿ ತಪ್ಪಿಸಿತ್ತಾದ್ದರಿಂದ ಇಲ್ಲಿಯೂ ಪಶ್ಚಿಮವನ್ನೇ ನಂಬಲು ಹೊರಟಿದ್ದೆ. ಆದರೆ ‘ಬಲ್ಲೆ’ ಎಂಬ ಧಾತುವಿನ ಚೀಟಿಗಳು ಇನ್ನೂ ನೆಲದ ಮೇಲಿದ್ದವು. ‘ನೀನು ಬಲ್ಲೆ’ ಎಂಬುದಕ್ಕೆ ಇಂಗ್ಲಿಷಿನಲ್ಲಿಯೂ ವಾಸ್ತ್, ಜರ್ಮನ್‌ನಲ್ಲಿಯೂ ವೈಸ್ತ್. ಪಶ್ಚಿಮದ ಭಾಷೆಗಳೇ ತಮ್ಮ ಮೂಲೆಯೊಂದರಲ್ಲಿ ‘-ತ್’ ಪ್ರತ್ಯಯವನ್ನು ಉಳಿಸಿಕೊಂಡಿವೆ. ಸಂಸ್ಕೃತದಲ್ಲಿ ಅದೇ ರೂಪ ‘ವೇತ್ಥ’. ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ. ‘-ತ್’ ಹಳೆಯದು, ಗಾಥಿಕ್ ಇಲ್ಲಿ ಸರಿ, ಪಶ್ಚಿಮ ಹೊಸದನ್ನು ಮಾಡಿಕೊಂಡಿದೆ. ಆ ಹೊಸ ಪ್ರತ್ಯಯ ಎಲ್ಲಿಂದ ಬಂತೆಂಬುದರ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಒಂದು ಅಂಕಣದಲ್ಲಿ ಸುಳ್ಳು ಹೇಳಿದ ಸಾಕ್ಷಿ ಪಕ್ಕದ ಅಂಕಣದಲ್ಲಿ ಸತ್ಯ ಹೇಳಬಹುದು. ಇದನ್ನು ಯಾರೋ ಹೇಳಿದ ಮಾತಾಗಿ ನಾನು ಮೊದಲೇ ಓದಿದ್ದೆ. ನನ್ನ ಎರಡು ಕರಡುಗಳು ಹಾಳಾಗುವ ತನಕ ಅದು ನನ್ನ ಕೈಗೆ ಇಳಿದಿರಲಿಲ್ಲ.

ಎರಡನೆಯ ಕ್ರಿಯಾಪದಕ್ಕೆ ಬರುತ್ತೇನೆ. ಕೊಂಬಿನ ಕೊನೆಯ ಪದವಾದ ‘ತವಿದೊ’, ಎಂದರೆ ‘ಮಾಡಿದೆ’, ಅದೇ. ಇದು ಧಾತುವಿನ ಸ್ವರವನ್ನು ಬದಲಿಸದೆ, ದಕಾರದ ಪ್ರತ್ಯಯ ಹಚ್ಚಿ ಭೂತಕಾಲ ಮಾಡುವ ಬಗೆಯದು. ಇಂದಿನ ಇಂಗ್ಲಿಷಿನ ‘ಲವ್ಡ್’ ಮುಂತಾದವು ಇದರ ಸಂತತಿ. ‘ನಡೆದೆ’, ‘ಮಾಡಿದೆ’ ಎಂಬಲ್ಲಿರುವ ನಮ್ಮ ದಕಾರದೊಂದಿಗೆ ಇದನ್ನು ಜೋಡಿಸುವ ಆಸೆ ಕನ್ನಡಿಗನಿಗೆ ಬರದೆ ಇರದು. ಅದು ಬರಿಯ ಆಕಸ್ಮಿಕ ಹೋಲಿಕೆ, ಅಲ್ಲಿಗೆ ಬಿಡಬೇಕು. ಕನ್ನಡ ನನಗೆ ನೆರವಾದದ್ದು ಬೇರೆ ಕಡೆ. ಈ ದಕಾರವು ‘ಮಾಡು’ ಎಂಬ ಅರ್ಥದ ಬೇರೊಂದು, ಸಂಸ್ಕೃತದ ‘ಧಾ’ ಧಾತುವಿಗೆ ಜ್ಞಾತಿಯಾದ ಕ್ರಿಯಾಪದದ ಭೂತರೂಪವೇ ಎಂಬ ವಾದ ಹತ್ತೊಂಬತ್ತನೆಯ ಶತಮಾನದಿಂದ ಇದೆ. ಗಾಥಿಕ್‌ನ ಬಹುವಚನದಲ್ಲಿ ‘-ದೇದುನ್’ ಎಂದು ಇಡೀ ‘ಮಾಡಿದರು’ ಎಂಬಂತೆ ಕಾಣುವ ಉದ್ದನೆಯ ಪ್ರತ್ಯಯ ಬರುವುದು ಆ ವಾದಕ್ಕೆ ಬಲ. ಸಹಪಾಠಿಗಳಿಗೆ ಇದು ಕೃತಕವೆನಿಸಿತು. ಒಂದು ಕ್ರಿಯಾಪದಕ್ಕೆ ಇನ್ನೊಂದನ್ನು ಹಚ್ಚಿ ಭೂತಕಾಲ ಮಾಡುವರೇ ಎಂದರು. ನಾನು ದಿನಕ್ಕೆ ಇಪ್ಪತ್ತು ಸಲ ‘ಫೋನ್ ಮಾಡಿದೆ’, ‘ಬುಕ್ ಮಾಡಿದೆ’ ಎನ್ನುವ ಭಾಷೆಯಿಂದ ಬಂದವನು. ತನ್ನದೇ ಭೂತರೂಪವಿಲ್ಲದ ಪದಕ್ಕೆ ‘ಮಾಡಿದೆ’ಯನ್ನು ಆಸರೆ ಕೊಡುವುದು ನನಗೆ ಎಲ್ಲಕ್ಕಿಂತ ಸಹಜವಾಗಿ ಕಂಡಿತು.

ಸಹಜವೆನಿಸಿದ್ದು ಸಾಕ್ಷಿಯಾಗುವುದಿಲ್ಲ. ನಾರ್ವೆಯ ಟೂನೆ ಶಿಲೆಯ ರೂನ್ ಬರಹದಲ್ಲಿ ಮೂವರು ಹೆಣ್ಣುಮಕ್ಕಳನ್ನು ಕರ್ತೃವಾಗಿ ಹೊಂದಿದ ಕ್ರಿಯಾಪದ ‘ದಲಿದುನ್’ ಎಂದಿದೆ. ಅಲ್ಲಿ ಉದ್ದನೆಯ ‘-ದೇದುನ್’ ಇಲ್ಲ, ಗಿಡ್ಡ ‘-ದುನ್’ ಇದೆ. ಗಾಥಿಕ್‌ನ ‘ಕುಂಥ’, ಎಂದರೆ ‘ಬಲ್ಲವನಾಗಿದ್ದೆ’ ಎಂಬ ರೂಪ ಇನ್ನೂ ತೊಡಕಿನದು. ಅದರಲ್ಲಿರುವುದು ಥಕಾರ. ‘ಧಾ’ ಧಾತುವಿನ ಮೂಲ ಧಕಾರ ಜರ್ಮಾನಿಕ್‌ನಲ್ಲಿ ದಕಾರವಾಗುತ್ತದೆಯೇ ಹೊರತು ಥಕಾರವಾಗಲಾರದು. ಥಕಾರ ಹುಟ್ಟುವುದು ತಕಾರದಿಂದ ಮಾತ್ರ. ಆದ್ದರಿಂದ ಕೆಲವು ರೂಪಗಳಲ್ಲಾದರೂ ‘ಜ್ಞಾತ’, ‘ಕೃತ’ ಎಂಬಲ್ಲಿರುವಂಥ ತಕಾರದ ಪ್ರತ್ಯಯವನ್ನು ಒಪ್ಪಬೇಕಾಗುತ್ತದೆ. ಎರಡು ಮೂಲಗಳು ಕಲೆತಿವೆಯೋ, ಒಂದರ ಮಾದರಿಯ ಮೇಲೆ ಇನ್ನೊಂದು ಹುಟ್ಟಿತೋ ಎಂದು ಇತ್ಯರ್ಥ ಮಾಡುವ ಆಧಾರ ನನ್ನ ಬಳಿ ಇರಲಿಲ್ಲ. ಬಹುವಚನದ ಅಂಕಣದಲ್ಲಿ ಉದ್ದದ್ದನ್ನೂ ಗಿಡ್ಡದ್ದನ್ನೂ ಎರಡನ್ನೂ ಬರೆದು, ಯಾವುದು ಯಾವುದಕ್ಕೆ ಅಡ್ಡಿಯೆಂಬುದನ್ನು ಎರಡು ಪುಟಗಳಲ್ಲಿ ವಿವರಿಸಿ ಬಿಟ್ಟೆ.

ಫೆಬ್ರುವರಿಯ ಎರಡನೆಯ ವಾರ ಒಪ್ಪಿಸಿದ ಅಂತಿಮ ಕೋಷ್ಟಕದಲ್ಲಿ ಎಲ್ಲ ರೂಪಗಳ ಮುಂದೆಯೂ ನಕ್ಷತ್ರವಿತ್ತು. ಒಂದಕ್ಕೆ ಮಾತ್ರ ಇರಲಿಲ್ಲ. ‘ತವಿದೊ’ ಎಂಬುದನ್ನು ಚಿನ್ನದ ಮೇಲೆ ಕೊರೆದದ್ದು ಸಿಕ್ಕಿದೆಯಾದ್ದರಿಂದ ಉತ್ತಮ ಪುರುಷ ಏಕವಚನದ ಅಂಕಣದಲ್ಲಿ ಅದನ್ನು ಹಾಗೆಯೇ, ನಕ್ಷತ್ರವಿಲ್ಲದೆ, ಅಭಿಮಾನದಿಂದ ಬರೆದಿದ್ದೆ. ಹಾಳೆ ಹಿಂದಿರುಗಿ ಬಂದಾಗ ಅಧ್ಯಾಪಕಿ ಆ ಒಂದು ಪದದ ಮುಂದೆ ಪೆನ್ಸಿಲಿನಿಂದ ಸಣ್ಣ ನಕ್ಷತ್ರ ಹಾಕಿ, ಅಂಚಿನಲ್ಲಿ ಎರಡು ಜರ್ಮನ್ ಪದಗಳನ್ನು ಬರೆದಿದ್ದರು: ಬಿರು, ನೆರಿತ. ಮೊದಲನೆಯದು ‘ಹೊರುತ್ತೇನೆ’, ಎರಡನೆಯದು ‘ಕಾಪಾಡಿದೆ’. ಎರಡರ ಕೊನೆಯಲ್ಲಿಯೂ ಮೂಲದಲ್ಲಿ ಬರಿಯ ಓಕಾರವೇ ಇದ್ದಿದ್ದರೆ ಎರಡೂ ಒಂದೇ ಬಗೆಯಾಗಿ ಉಕಾರವಾಗಬೇಕಿತ್ತು. ಒಂದು ಉಕಾರವಾಗಿ ಇನ್ನೊಂದು ಅಕಾರವಾಗಿರುವುದರಿಂದ, ಭೂತಕಾಲದ ಆ ಓಕಾರ ತಾಯಿಯ ಬಾಯಲ್ಲಿ ಅನುನಾಸಿಕವಾಗಿತ್ತು. ಕೊಂಬನ್ನು ಮಾಡಿದವನ ಭಾಷೆ ಆಗಲೇ ಒಂದು ಮೆಟ್ಟಿಲು ಇಳಿದಿತ್ತು, ಅಥವಾ ಆ ಅನುನಾಸಿಕವನ್ನು ತೋರಿಸುವ ಅಕ್ಷರ ಅವನ ಲಿಪಿಯಲ್ಲಿರಲಿಲ್ಲ. ರಬ್ಬರಿನಿಂದ ‘ತವಿದೊ’ ಎಂಬುದನ್ನು ಅಳಿಸಿ, ಅದೇ ಅಂಕಣದಲ್ಲಿ *ತವಿದೋಂ ಎಂದು ಬರೆದೆ.